ಎಳ್ಳಷ್ಟು ಇಳದ ಗಾಂಧಾರ

ದೀಪಾವಳಿ ದಾಟಿ, ಬೀದರಿನ ಕಿಲ್ಲೆದ ಕಡಿಂದ
ಥಂಡಿ ಇಳಿಯೋ ಹೊತ್ತಿಗೆ
ಸೈಕಲ್ಲಿನ ಕ್ಯಾರಿಯರ್ ಮ್ಯಾಲ, ಕೌದಿ ಹೊಚ್ಚಿ,
ತುಂಬಿದ ಬಸುರೀನ್ನ ತವರಿಗೆ ಕರತಂದಂಗ
ಮಂಗಲಪೇಟಿಂದ ಪೆಟಗಿ ತರತಾನ ಎಲೀಷಪ್ಪ.

ಚೌಬಾರಾದ ಹಿಂದಿನ ಗಲ್ಲಿ, ನನ್ನ ದುಕಾನ.
ಅಬ್ಬಾನೂ ಇದೇ ಪೆಟಗಿ ಬಿಚ್ಚಿದವ್ರು.
ಹೇಳತಿದ್ರು: ಹಾಡವರ ಬಾಯಿ ಕೇಳಬ್ಯಾಡ ಬೇಟಾ,
ಪೆಟಗಿ ಹೊಟ್ಟಿ ಕೇಳು.

ಬಿಚ್ಚತೀನಿ.
ಮೇಣದ ಹನಿ, ನಾಕು ಚುರಮುರಿ, ಒಂದು ಅಂಗಿ ಗುಂಡಿ,
ಯಾರದೋ ಕೂಸಿನ ಕುಲಾವಿ ದಾರ.
ಒಂದು ವರ್ಷ ಇಲಿ ಗೂಡು,
ಹಾಡಿನ ವಹಿ ಹರದು ಕಟ್ಟಿದ್ದು.
ಗೋದಲಿ ಅಂಬೋ ಮಾತು ಅರ್ಧ ಉಳದಿತ್ತು,
ಅದರ ಮ್ಯಾಲ ಕೆಂಪ ಮರಿ ಐದು, ಕಣ್ಣು ತೆರದಿಲ್ಲ.
ಎಲೀಷಪ್ಪ ನಕ್ಕ: "ಪಾಪ, ಛತ್ರದಾಗ ಜಾಗಾ ಸಿಕ್ಕಿಲ್ಲೇನೋ."
ಮರಿಗೋಳು ಬೂಟಿನ ಡಬ್ಬಿಗೆ ಹ್ವಾದವು.

ಈ ಪೆಟಗ್ಯಾಗ ಎಲ್ಲಾ ಮನಿ ಒಂದೇ ನಮೂನಿ ಸವದಿಲ್ಲ.
ನಡುವಿನ ಮೂರು ಮಾತ್ರ ಗುಳಿ ಬಿದ್ದಾವ,
ಮಂದಿ ತುಳದ ಹೊಸ್ತಿಲದಂಗ.
ಡಿಸೆಂಬರ ತುಳದದ್ದು.

ಕಥಿ ಹಿಂಗ ಅದ, ಅಬ್ಬಾ ಹೇಳಿದ್ದು, ಅವರಿಗೆ ಅವರಬ್ಬಾ:
ನಿಜಾಮರ ಕಾಲಕ್ಕ, ಹಡಗಿನಾಗ, ರೈಲಿನಾಗ,
ಕಡೀಕ ಎತ್ತಿನ ಬಂಡ್ಯಾಗ
ಒಬ್ಬ ದೊರೆಸಾನಿ ಬಂದಳು, ಒಂದು ಕಾಲಪೆಟಗಿ ಬಂತು.
ಹಿಮದ ಹಾಡು ಹಾಡಿದಳು.
ಹಿಮ ಅಂದ್ರೇನವ್ವ ಅಂತ ಕೇಳಿದ್ರು ಹೆಣ್ಮಕ್ಕಳು.
ಆಕಿ ಒಂದು ಹಿಡಿ ಹತ್ತಿ ತೋರಿಸಿದಳು.
"ಹಂಗಾದ್ರ ನಾವು ದಿನಾ ಹಿಮಾ ಬಿಡಸ್ತೀವಿ ಬಿಡ್ರಿ ತಾಯಿ,
ಕೂಲಿ ಮಾತ್ರ ಎರಡಾಣೆ."

ಮಾತು ಕನ್ನಡ ಆತು. ರಾಗ ಅರ್ಧಾ ಆತು.
ಕಡಲಿನ ಉಪ್ಪುಗಾಳಿ ತಿಂದ ಆ ಪೆಟಗಿ ಗಾಂಧಾರ
ಎಳ್ಳಷ್ಟು ಇಳದಿತ್ತು.
ಅದನ್ನೇ ಕೇಳಿ ಕಲತ್ರು, ಅದನ್ನೇ ಮಕ್ಕಳಿಗೆ ಕೊಟ್ರು.
ಕಾಲಪೆಟಗಿ ಗೆದ್ದಲ ತಿಂತು.
ಗಾಂಧಾರ ಗಂಟಲದಾಗ ಉಳೀತು.
ಅಬ್ಬಾ ಹೊಸ ಪೆಟಗಿಗೂ ಅದನ್ನೇ ಕೂಡಸ್ತಿದ್ರು,
ಯಾಕಂತ ನಾ ಕೇಳಿದ್ದಿಲ್ಲ.

ಅವರು ತೀರಿದ ವರ್ಷ, ನಂದು ಹುರುಪಿನ ವಯಸ್ಸು.
ಹಿತ್ತಾಳಿ ನಾಲಿಗಿ ತುದಿ ಕೆರದು ಸುರ ಏರಿಸಿ
ಬರೋಬರಿ ಮಾಡಿ ಕೊಟ್ಟೆ. ಮೀಸಿ ತಿರುವಿದೆ.
ಹಬ್ಬ ಎರಡ ದಿನ ಇತ್ತು.
ಕರುಣಾಬಾಯಿ ಬಂದಳು, ಕೋಲ ಊರಕೋತ.
"ಇಕ್ರಾಮ, ಪೆಟಗಿ ಛಲೋ ಆಗ್ಯದ. ಹಾಡು ಕೆಟ್ಟದ.
ಯಾರದೋ ಮನಿ ಹಾಡು ಆಗ್ಯದ."

ತಂಬೂರಿ ಹಚ್ಚಿ ತೋರಿಸಿದೆ. ವಾದಾ ಮಾಡಿದೆ.
ಆಕಿ ವಾದಾ ಮಾಡಲಿಲ್ಲ, ಹಾಡಿದಳು,
ಹಲ್ಲಿಲ್ಲದ ಬಾಯಿಲೆ, ಒಂದೇ ಸಾಲು,
ಕೂಸಿಗೆ ಥಂಡಿ ಹತ್ಯದ, ಸೆರಗ ಕೊಡ್ರಿ ಅಂಬೋದು.
ಆ ಜಾಗಾಕ್ಕ ಬಂದಾಗ
ತುಸು ತೆಳಗ ಕಾಲಿಟ್ಟಳು,
ಕತ್ತಲದಾಗ ತನ್ನ ಮನಿ ಮೆಟ್ಟಲ
ನೋಡದೇ ಇಳದಂಗ.

ಎದುರಿನ ಚಹಾದಾಂವ ಸ್ಟೋವ್ ಆರಿಸಿದ.
ನಾ ನಾಲಿಗಿ ಬುಡ ಕೆರದೆ. ಎರಡು ಎಳಿ.
ಮತ್ತೊಂದು ಎಳಿ.
"ಹ್ಞಾ" ಅಂದಳು.

ಕರುಣಾಬಾಯಿ ಹೋಗಿ ಒಂಬತ್ತು ವರ್ಷ.
ರಾತ್ರಿ ಮೆರವಣಿಗಿಗೆ ಹುಡುಗರು ಈಗ ಕೀಬೋರ್ಡ್ ತರತಾರ,
ಬ್ಯಾಟರಿದು, ಎಲ್ಲಾ ಸುರ ಸರಿ.
ಹಲಗಿ ಕಾಸಿಕೊಂಡು, ಹತ್ತಿ ಗಡ್ಡದ ಅಜ್ಜನ್ನ ಮುಂದ ಮಾಡಿ,
ಉಣ್ಣಿ ಟೊಪ್ಪಿಗಿ ಕೂಸುಗಳು ನಿದ್ದಿಗಣ್ಣಾಗ ತಾಳ ಹಾಕ್ಕೋತ
ನಮ್ ಗಲ್ಲಿಗೆ ಹೊಳ್ಳತಾರ.
ನಸೀಮಾ ಶುಂಠಿ ಚಹಾ ಇಟ್ಟು ಬಾಗಲದಾಗ ನಿಲ್ಲತಾಳ.
ನಾ ಕಾಯೋದು ಒಂದೇ ಜಾಗಾ.

ಬರತದ.
ಕೀಬೋರ್ಡ್ ಮ್ಯಾಲ ಹೋಗತದ, ಮಂದಿ ತೆಳಗ ಹೋಗತಾರ,
ಹುಟ್ಟೋಕಿಂತ ಮೊದಲ ಕಲತವರಂಗ, ಕೂಸು ಸಹ.
ನಡುವ ಸಂದಿ ಬೀಳತದ,
ಐದು ಮರಿ ಮಲಗೋವಷ್ಟು.

"ಬೇಸುರ ಆತಲ್ಲ?" ಅಂತಾಳ ನಸೀಮಾ.
ಆತು, ಅಂತೀನಿ.
ಇನ್ನೊಂದು ಕಪ್ಪು ತುಂಬು, ಎಲೀಷಪ್ಪ ಬಂದ.